ಬತ್ತಿಯಮ್ಮ ಎತ್ತಿದ ಪರದೆ

ಈ ಜನ್ಮದಲ್ಲಿ ನನಗೆ ಅತಿ ಹೆಚ್ಚು ಸಿಟ್ಟು ತರಿಸಿದ ಹೆಂಗಸು ಹೋದ ತಿಂಗಳು ತೀರಿಕೊಂಡಳು. ಸುದ್ದಿ ಹೇಳಲು ಫೋನ್ ಮಾಡಿದ ಅವಳ ಮಗಳಿಗೆ, "ಮೊನ್ನೆ ಮೊನ್ನೆ ಚೆನ್ನಾಗಿದ್ಲಲ್ಲಮ್ಮ" ಎಂದುಬಿಟ್ಟೆ. ಅದು ಸುಳ್ಳು. ನಾನು ಅವಳನ್ನು ನೋಡಿ ಹತ್ತಿರ ಹತ್ತಿರ ಒಂದು ವರ್ಷವಾಗಿತ್ತು. ನೋಡದೆ ತಪ್ಪಿಸಿಕೊಳ್ಳುವುದಕ್ಕೆ ನಾನೇ ನೆಪ ಹುಡುಕಿಕೊಂಡಿದ್ದೆ. ಫೋನ್ ಇಡುವಷ್ಟರಲ್ಲಿ ಒಲೆಯ ಮೇಲಿದ್ದ ಹಾಲು ಉಕ್ಕಿ ಕಟ್ಟೆಯೆಲ್ಲ ಹರಿಯಿತು. ಅದಕ್ಕೂ ಅವಳನ್ನೇ ಬೈದುಕೊಂಡು ಒರೆಸಿದೆ.

ಹೆಸರು ಬರೆಯುವುದಿಲ್ಲ. ದೊಡ್ಡಬಳ್ಳಾಪುರದಾಚೆ ನಾನು ಮೊದಲು ಕೆಲಸಕ್ಕೆ ಸೇರಿದ ಸಂಶೋಧನಾ ಫಾರಂನಲ್ಲಿ ಎಲ್ಲರೂ ಅವಳನ್ನು ಬತ್ತಿಯಮ್ಮ ಎಂದೇ ಕರೆಯುತ್ತಿದ್ದರು. ದಿನಗೂಲಿ ಹೆಂಗಸರಿಗೆಲ್ಲ ಅವಳೇ ಮೇಸ್ತ್ರಿ. ಫಾರಂ ಪಕ್ಕದ ಹಳ್ಳಿಯಲ್ಲಿ ಅವಳಿಗೊಂದಿಷ್ಟು ಜಮೀನಿತ್ತು. ರಾಗಿ, ಅವರೆ ಹಾಕಿ, ಹತ್ತು ಗುಂಟೆಗೆ ಮಾತ್ರ ಪ್ರತಿ ವರ್ಷ ಹತ್ತಿ ಬಿತ್ತುತ್ತಿದ್ದಳು. ನಮ್ಮ ಕಡೆ ಹತ್ತಿ ಬೆಳೆಯುವವರು ಯಾರಿದ್ದಾರೆ? ಇವಳು ಬೆಳೆಯುತ್ತಿದ್ದಳು, ದೇವರ ದೀಪದ ಬತ್ತಿಗೆ. ಸಂಜೆ ಮನೆಯ ಜಗಲಿಯ ಮೇಲೆ ಕೂತು, ಬೆರಳಿಗೆ ವಿಭೂತಿ ಸವರಿಕೊಂಡು ಹೂಬತ್ತಿ ಹೊಸೆಯುತ್ತಿದ್ದಳು. ಗೌರಿ ಹಬ್ಬ ಬಂದರೆ ಗೆಜ್ಜೆವಸ್ತ್ರ. ಪೇಟೆಯ ಗ್ರಂಥಿಗೆ ಅಂಗಡಿಯಲ್ಲಿ ಇವಳ ಬತ್ತಿಯೇ ಬೇಕೆಂದು ಕೇಳಿ ಕೊಳ್ಳುವವರಿದ್ದರು, ಎಣ್ಣೆ ಮುಗಿಯುವ ತನಕ ಕರಕಾಗದೆ ಉರಿಯುತ್ತದೆ ಅಂತ.

ತವರು ದೊಡ್ಡಬಳ್ಳಾಪುರದ ನೇಯ್ಗೆಯವರ ಮನೆ. ಅಪ್ಪ ನೂಲಿಗೆ ಬಣ್ಣ ಹಾಕುತ್ತಿದ್ದನಂತೆ. ಹತ್ತಿಯನ್ನು ಕೈಯಲ್ಲಿ ಹಿಡಿದರೆ ಅವಳಿಗೆ ಅದರ ಜಾತಕ ತಿಳಿಯುತ್ತಿತ್ತು. ಎರಡು ಬೆರಳಲ್ಲಿ ಎಳೆ ಎಳೆದು, "ಇದು ಹಸಿ ಎಳೆ, ಬಣ್ಣ ಕುಡಿಯಾಕಿಲ್ಲ" ಎನ್ನುವಳು. ಬಲಿಯದ ಹತ್ತಿಗೆ ಬಣ್ಣ ಸರಿಯಾಗಿ ಹತ್ತುವುದಿಲ್ಲ, ಬಿಳಿ ಚುಕ್ಕಿ ಉಳಿಯುತ್ತದೆ ಎಂಬುದನ್ನು ನಾನು ನಾಲ್ಕು ವರ್ಷ ಕಾಲೇಜಿನಲ್ಲಿ ಓದಿ ಕಲಿತಿದ್ದೆ. ಅವಳಿಗೆ ಅದು ಲಂಗ ಉಡುವ ವಯಸ್ಸಿನಿಂದ ಗೊತ್ತಿತ್ತು. ಗೊತ್ತಿದ್ದದ್ದನ್ನು ಗೊತ್ತಿದೆ ಎಂದು ಹೇಳಿ ಸುಮ್ಮನಾಗುವ ಸ್ವಭಾವ ಅವಳದಲ್ಲ, ನನ್ನದೂ ಅಲ್ಲ. ಹೀಗಾಗಿ ನಮ್ಮಿಬ್ಬರಿಗೆ ದಿನವೂ ಜಟಾಪಟಿ.

ನನಗಿಂತ ಇಪ್ಪತ್ತು ವರ್ಷಕ್ಕೆ ದೊಡ್ಡವಳು. ಆದರೂ ನಾನು 'ನೀನು' ಎನ್ನುತ್ತಿದ್ದೆ, ಅವಳು ನನಗೆ 'ನೀವು, ಅಮ್ಮಣ್ಣಿ' ಎನ್ನುತ್ತಿದ್ದಳು. ಫಾರಂನಲ್ಲಿ ಎಲ್ಲ ಅಧಿಕಾರಿಗಳೂ ಕೂಲಿಯವರನ್ನು ಹಾಗೇ ಮಾತಾಡಿಸುತ್ತಿದ್ದರು. ನಾನು ಅದನ್ನು ಬದಲಾಯಿಸಬೇಕೆಂದು ಒಂದು ದಿನವೂ ಯೋಚಿಸಲಿಲ್ಲ.

ಅವಳ ಒಂದು ಚಾಳಿ ಹೇಳುತ್ತೇನೆ. ರೋಗ ಬಂದ ಗಿಡ ಕೀಳಿಸಬೇಕೆಂದು ನಾನು ಕೆಂಪು ದಾರ ಕಟ್ಟಿ ಬಂದರೆ, ಮಾರನೆಯ ದಿನ ಆ ದಾರ ಪಕ್ಕದ ಸತ್ತ ಗಿಡದಲ್ಲಿರುತ್ತಿತ್ತು. ಕೇಳಿದರೆ, "ಅದಿನ್ನೂ ಉಸ್ರಾಡ್ತೈತೆ ಅಮ್ಮಣ್ಣಿ, ಇನ್ನೆರಡ್ ದಿನ ನೋಡಾಣ" ಎನ್ನುತ್ತಿದ್ದಳು. ಎರಡು ದಿನಕ್ಕೆ ರೋಗ ಸಾಲಿಗೆಲ್ಲ ಹಬ್ಬುತ್ತಿತ್ತು. ನಾನು ಮೈ ಪರಚಿಕೊಳ್ಳುತ್ತಿದ್ದೆ. ಆಗಲೇ ನನಗೆ ಬುದ್ಧಿ ಬರಬೇಕಿತ್ತು.

ನನಗೆ ವಹಿಸಿದ್ದ ಪ್ರಯೋಗ ಬೆಳಕಿನದ್ದು. ಮಾವಿನ ತೋಪಿನ ಸಾಲುಗಳ ನಡುವೆ ಹತ್ತಿ ಹಾಕಿದರೆ ಗಿಟ್ಟುತ್ತದೆಯೇ, ಬೆಳಕು ಕಡಿಮೆಯಾದಷ್ಟೂ ಬೆಳೆ ಎಷ್ಟು ಸೋಲುತ್ತದೆ ಎಂದು ನೋಡುವುದು. ನಾಲ್ಕು ತಾಕು ಬಯಲಿನಲ್ಲಿ, ನಾಲ್ಕು ತಾಕು ಹಸಿರು ಪರದೆಯ ಕೆಳಗೆ. ಮೂರು ಹಂಗಾಮು ನೋಡಬೇಕು. ಹತ್ತಿ ಬಿಸಿಲುಂಡು ಬೆಳೆಯುವ ಗಿಡ. ನೆರಳಿಗೆ ಸಿಕ್ಕಿದರೆ ಬೆಳಕು ಹುಡುಕಿಕೊಂಡು ಉದ್ದಕ್ಕೆ ಸೊರಗಿ ಬೆಳೆಯುತ್ತದೆ, ಎಲೆ ತೆಳ್ಳಗಾಗುತ್ತದೆ, ಹೊತ್ತ ಮೊಗ್ಗನ್ನೂ ಎಳೆಗಾಯನ್ನೂ ಸಾಕಲಾರದೆ ಕೆಳಗೆ ಉದುರಿಸುತ್ತದೆ. ಉದುರುವುದು ನೆರಳು ಬಿದ್ದ ದಿನವೇ ಅಲ್ಲ, ನಾಲ್ಕಾರು ದಿನ ಕಳೆದ ಮೇಲೆ. ಉಳಿದುಕೊಂಡ ಕಾಯಿಯ ಒಳಗೂ ಎಳೆ ಬಲಿಯುವುದಿಲ್ಲ.

ಉದುರಿದ ಮೊಗ್ಗನ್ನು ಆಯ್ದು ಎಣಿಸುವ ಕೆಲಸ ಬತ್ತಿಯಮ್ಮನದು. ತಾಕಿಗೊಂದು ತೆಂಗಿನ ಕರಟ ಇಟ್ಟುಕೊಂಡು ಬಗ್ಗಿ ಬಗ್ಗಿ ಆಯುತ್ತಿದ್ದಳು. ಆಮೇಲೆ ಅದನ್ನು ಸೆರಗಿನಲ್ಲಿ ಗಂಟು ಗಂಟಾಗಿ ಕಟ್ಟಿಕೊಂಡು ಬಂದು, ಒಂದೊಂದೇ ಗಂಟು ಬಿಚ್ಚಿ ನನ್ನ ಮೇಜಿನ ಮೇಲೆ ಸುರಿದು ಎಣಿಸಿ ಒಪ್ಪಿಸುತ್ತಿದ್ದಳು. ಬಯಲಿನ ತಾಕಿನಲ್ಲೂ ಒಂದೊಂದು ದಿನ ಬಹಳ ಉದುರುತ್ತಿತ್ತು. ಅಂಥ ದಿನ ರಾಶಿಯನ್ನು ಬೆರಳಲ್ಲಿ ಕೆದಕಿ, "ಇದು ಹೋದ್ ಸೋಮ್ವಾರದ ಮೋಡ" ಎನ್ನುತ್ತಿದ್ದಳು. ಹವಾಮಾನದ ರಿಜಿಸ್ಟರ್ ತೆಗೆದು ನೋಡಿದರೆ ಹೋದ ಸೋಮವಾರ ಇಡೀ ದಿನ ಮೋಡವೇ. ಎಣಿಕೆಯಲ್ಲಿ ಅವಳು ಒಂದು ಮೊಗ್ಗನ್ನೂ ಹೆಚ್ಚು ಕಡಿಮೆ ಮಾಡಿದವಳಲ್ಲ. ನಾನು ಗುಟ್ಟಾಗಿ ಮತ್ತೆ ಎಣಿಸಿ ನೋಡಿದ್ದೇನೆ, ಹತ್ತಾರು ಸಲ.

ಮೊದಲ ವರ್ಷದ ಫಲಿತಾಂಶ ನನಗೆ ಅರ್ಥವಾಗಲಿಲ್ಲ. ಪರದೆಯ ಕೆಳಗಿನ ಗಿಡಗಳು ಉದ್ದವಾಗಿದ್ದವು, ಸರಿ. ಆದರೆ ಕಾಯಿ ಉದುರಿಸಿರಲಿಲ್ಲ. ಬಯಲಿನ ಗಿಡಕ್ಕೂ ಇದಕ್ಕೂ ಅಂಥ ವ್ಯತ್ಯಾಸವೇ ಇಲ್ಲ. ಎರಡನೆಯ ವರ್ಷವೂ ಅದೇ ಕಥೆ. ಪರದೆ ಕಳಪೆಯೋ, ಬೀಜ ವಿಶೇಷವೋ, ಬೆಳಕಿನ ಮೀಟರು ಕೆಟ್ಟಿದೆಯೋ ಎಂದು ನಾನು ತಲೆ ಕೆರೆದುಕೊಂಡೆ. ಮೀಟರನ್ನು ರಿಪೇರಿಗೆ ಕಳಿಸಿದೆ. ಪರದೆಯ ಅಂಗಡಿಯವನ ಜೊತೆ ಜಗಳವಾಡಿದೆ. ಬತ್ತಿಯಮ್ಮ ಪಕ್ಕದಲ್ಲೇ ನಿಂತು ಎಲೆಅಡಿಕೆ ಜಗಿಯುತ್ತ ಎಲ್ಲ ಕೇಳಿಸಿಕೊಂಡಳು.

ಮೂರನೆಯ ವರ್ಷ, ಹೂ ಬಿಟ್ಟು ಕಾಯಿ ಕಟ್ಟುವ ಕಾಲ. ನಾನು ನೆಲಮಂಗಲದಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಫಾರಂ ಗೇಟಿಗೆ ಆ ಬಸ್ಸು ತಲುಪುತ್ತಿದ್ದದ್ದು ಒಂಬತ್ತೂಕಾಲಿಗೆ. ಒಂದು ದಿನ ಬಸ್ಸಿನವರ ಮುಷ್ಕರ. ನಮ್ಮವರು ಸ್ಕೂಟರಿನಲ್ಲಿ ಎಂಟು ಗಂಟೆಗೆ ಮುಂಚೆಯೇ ತಂದು ಇಳಿಸಿ ಹೋದರು. ತಾಕಿನ ಕಡೆ ನಡೆದು ಬಂದರೆ, ನಾಲ್ಕೂ ಪರದೆಗಳನ್ನು ಮೇಲಕ್ಕೆ ಸುತ್ತಿ, ಕಂಬಕ್ಕೆ ಬಾಳೆನಾರಿನಲ್ಲಿ ಕಟ್ಟಿದ್ದಾರೆ. ಪೂರ್ವದ ಬಿಸಿಲು ಗಿಡಗಳ ಮೇಲೆ ಸೊಂಪಾಗಿ ಬಿದ್ದಿದೆ. ನಡುವೆ ಬತ್ತಿಯಮ್ಮ ಒಂದೊಂದು ಹೂವನ್ನೂ ಬಗ್ಗಿ ನೋಡಿಕೊಂಡು ನಿಂತಿದ್ದಾಳೆ.

ನನ್ನನ್ನು ನೋಡಿ ಬೆಚ್ಚಲೂ ಇಲ್ಲ. "ಇವತ್ತು ಬಸ್ಸು ಬೇಗ ಬಂತಾ ಅಮ್ಮಣ್ಣಿ?" ಎಂದಳು.

"ಪರದೆ ಯಾಕೆ ಎತ್ತಿದ್ದೀಯ?"

"ಒಸಿ ಬೆಳಕು ಕಾಣ್ಲಿ ಅಂತ. ಹೂ ಬಿಟ್ಟಿರೋ ಗಿಡ, ಬಸ್ರಿ ಇದ್ದಂಗೆ. ದಿನಾ ಪೂರ್ತಿ ಕತ್ಲೆ ಕೋಣೇಲಿ ಕೂಡಾಕೋಕಾಯ್ತದಾ?"

"ಇವತ್ತೊಂದಿನಾನಾ?"

"ಇಲ್ಲ. ಹೂ ಬಿಡೋಕ್ ಶುರುವಾದ್ರೆ ದಿನಾ. ಏಳ್ಗಂಟೆಗೆ ಎತ್ತಿ, ನಿಮ್ ಬಸ್ಸಿಗೆ ಮುಂಚೆ ಇಳಿಸ್ಬಿಡ್ತೀನಿ."

"ಹೋದ ವರ್ಷ?"

"ಹೋದ್ವರ್ಷಾನೂ. ಅದ್ರಿಂದ್ಲ ವರ್ಷಾನೂ."

ಮೂರು ವರ್ಷದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗಿತ್ತು. ಕೂಗಾಡಿದೆ. ಏನೇನು ಅಂದೆನೋ ನೆನಪಿಲ್ಲ, 'ನಿನ್ನಂಥವಳನ್ನ ಒಳಗೆ ಬಿಟ್ಟಿದ್ದೇ ತಪ್ಪು' ಎಂದದ್ದು ಮಾತ್ರ ನೆನಪಿದೆ. ಅವಳು ಕೇಳಿಸಿಕೊಂಡಳು. ನನ್ನ ದನಿ ಸೋತ ಮೇಲೆ ನಿಧಾನವಾಗಿ ಹೇಳಿದಳು.

"ಕ್ಯಾಪ್ಸಿಕಂ ತ್ವಾಟ್ದಲ್ಲಿ, ಹೂವಿನ್ ತ್ವಾಟ್ದಲ್ಲಿ ಪರ್ದೆ ಕಟ್ತಾರಲ್ಲ, ಬೆಳೆ ಚೆನ್ನಾಗ್ ಬರ್ಲಿ ಅಂತ? ನೀವೂ ಹಂಗೇ ಕಟ್ಟಿದ್ದೀರಿ ಅನ್ಕಂಡೆ. ಹತ್ತಿಗೆ ಅದು ಒಗ್ತಿರ್ಲಿಲ್ಲ. ಗಿಡ ಸೋತೋದ್ರೆ ನಿಮ್ಗಲ್ವಾ ಕೆಟ್ಟೆಸ್ರು? ಹೊಸ್ದಾಗಿ ಬಂದಿರೋ ಎಣ್ಮಗು. ಅದ್ಕೇ ಎತ್ತಿದ್ದು."

ಆ ಮಾತು ಕೇಳಿ ನನಗೆ ಇನ್ನಷ್ಟು ಸಿಟ್ಟು ಬಂತು, ಈ ಸಲ ಯಾರ ಮೇಲೆ ಎಂದು ತಿಳಿಯಲಿಲ್ಲ. ಮೂರು ವರ್ಷದಲ್ಲಿ ನಾನು ಅವಳಿಗೆ ಎಷ್ಟೋ ಅಪ್ಪಣೆ ಕೊಟ್ಟಿದ್ದೆ. ಇಲ್ಲಿ ಅಗಿ, ಅಲ್ಲಿ ಎಣಿಸು, ಇದನ್ನು ಮುಟ್ಟಬೇಡ. ಆದರೆ ಈ ಗಿಡಗಳು ಸೋಲಲೆಂದೇ ಪರದೆ ಕಟ್ಟಿದ್ದೇವೆ, ಎಷ್ಟು ಸೋಲುತ್ತವೆ ಎಂದು ನೋಡುವುದೇ ನಮ್ಮ ಕೆಲಸ ಎಂಬ ಒಂದು ಮಾತನ್ನು ಹೇಳಿರಲಿಲ್ಲ. ಕೂಲಿಯವಳಿಗೆ ಅದೆಲ್ಲ ಯಾಕೆ ಎಂದುಕೊಂಡಿದ್ದೆ. ಹೇಳಿದ್ದರೆ ಎರಡು ನಿಮಿಷದ ಮಾತು.

ಆ ದಿನವೇ ಹೇಳಿದೆ. ಕೇಳಿ ಅವಳು ಬಾಯಿ ಮೇಲೆ ಕೈಯಿಟ್ಟುಕೊಂಡಳು. "ಹಂಗಂದ್ರೆ ನಾನು ನಿಮ್ಗೆ ಕೇಡೇ ಮಾಡ್ಬಿಟ್ನಾ" ಎಂದಳು. ಉಳಿದ ದಿನಗಳಲ್ಲಿ ಪರದೆ ಎತ್ತಲಿಲ್ಲ. ಆ ಕಡೆಗೆ ಬೆನ್ನು ಹಾಕಿಕೊಂಡು ಕಳೆ ಕೀಳುತ್ತಿದ್ದಳು.

ಇನ್ನು ವರದಿ ಬರೆಯಬೇಕು. ನಡೆದದ್ದನ್ನು ಬರೆದರೆ ಪ್ರಯೋಗ ರದ್ದು, ಮತ್ತೆ ಮೊದಲಿಂದ ಮೂರು ವರ್ಷ. ನನ್ನ ಮೇಲಿನ ಅಧಿಕಾರಿ ನಿವೃತ್ತಿಗೆ ಮುಂಚೆ ಕಡತ ಮುಗಿಸಬೇಕೆಂಬ ಅವಸರದಲ್ಲಿದ್ದರು. "ಬಂದಿರೋ ಅಂಕಿ ಬರೀರಮ್ಮ, ಅದರ ಮೇಲೆ ಇನ್ನೇನು" ಎಂದರು. ಅವರಿಗೆ ಪರದೆಯ ವಿಷಯ ನಾನು ಹೇಳಲಿಲ್ಲ. ಹೇಳಿದರೆ ಬತ್ತಿಯಮ್ಮನ ಕೂಲಿ ಹೋಗುತ್ತದೆ, ಪಾಪ, ಎಂದು ನನಗೆ ನಾನೇ ಹೇಳಿಕೊಂಡೆ. ನಿಜವೇನೆಂದರೆ ನನ್ನ ಹೆಸರು ಕೆಡುವುದು ನನಗೆ ಬೇಕಿರಲಿಲ್ಲ. ವರದಿಯ ಕೊನೆಗೆ ಬರೆದೆ: "ಬೆಳಕಿನ ಕೊರತೆಯಿಂದ ಹತ್ತಿ ಬೆಳೆಗೆ ಗಣನೀಯ ನಷ್ಟ ಕಂಡುಬಂದಿಲ್ಲ." ಸಹಿ ಹಾಕಿದೆ. ಯಾರು ಓದುತ್ತಾರೆ ಇದನ್ನೆಲ್ಲ ಎಂದುಕೊಂಡೆ.

ಆಮೇಲೆ ನನಗೆ ಹೊಸಕೋಟೆಗೆ ವರ್ಗವಾಯಿತು. ಏಳೆಂಟು ವರ್ಷ ಕಳೆದವು. ದೀಪಾವಳಿಗೆ ಮುಂಚೆ ಯಾರದಾದರೂ ಕೈಯಲ್ಲಿ ಒಂದು ಪೊಟ್ಟಣ ಹೂಬತ್ತಿ ಬರುತ್ತಿತ್ತು. ನಾನು ಫೋನ್ ಮಾಡಿ, "ಬಂತು ಕಣೇ" ಎನ್ನುತ್ತಿದ್ದೆ. ಅಷ್ಟೇ ನಂಟು.

ಹೋದ ವರ್ಷಕ್ಕಿಂತ ಹಿಂದಿನ ವರ್ಷದ ಕಾರ್ತೀಕದಲ್ಲಿ ಅವಳೇ ಎರಡು ಬಸ್ಸು ಹತ್ತಿ ಹೊಸಕೋಟೆಯ ನನ್ನ ಆಫೀಸಿಗೆ ಬಂದಳು. ಜೊತೆಗೆ ಗಾರ್ಮೆಂಟ್ಸ್‌ಗೆ ರಜೆ ಹಾಕಿ ಬಂದ ಮಗಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದವಳೇ ಸೆರಗಿನ ಗಂಟು ಬಿಚ್ಚಿ ನನ್ನ ಮೇಜಿನ ಮೇಲೆ ಸುರಿದಳು. ಹತ್ತಿಯ ಮೊಗ್ಗು, ಎಳೆಗಾಯಿ, ಒಂದು ಹಿಡಿಯಲ್ಲ, ಒಂದು ಮೊರದಷ್ಟು. ಕಡತಗಳ ಮೇಲೆಲ್ಲ ಹರಡಿಕೊಂಡವು.

"ಇದು ಮೋಡ ಅಲ್ಲ ಅಮ್ಮಣ್ಣಿ, ಗೋಡೌನು" ಎಂದಳು.

ಅವಳ ಹತ್ತು ಗುಂಟೆಯ ದಕ್ಷಿಣಕ್ಕೆ ಇದ್ದ ಜಮೀನನ್ನು ಯಾರೋ ಕೊಂಡು ಗೋಡೌನು ಎಬ್ಬಿಸುತ್ತಿದ್ದರು. ಗಡಿಗೆ ಒತ್ತಿಕೊಂಡೇ ಅರ್ಧ ಉದ್ದಕ್ಕೆ ಕಂಬ ನಿಲ್ಲಿಸಿ, ಷೀಟು ಹೊದಿಸಿದ್ದರು. ಷೀಟು ಬಂದಲ್ಲಿ ನೆರಳು ಬಂತು, ನೆರಳು ಬಂದಲ್ಲಿ ಹತ್ತಿ ಉದುರಿತು. ಸೆರಗಿನ ಇನ್ನೊಂದು ಗಂಟಿನಿಂದ ಅರಿಶಿನದ ನೀರಲ್ಲಿ ಅದ್ದಿ ಒಣಗಿಸಿದ ಎರಡು ಉಂಡೆ ಹತ್ತಿ ತೆಗೆದಳು. ಬಿಸಿಲಿನ ಕಡೆಯದು ಚಿನ್ನದ ಬಣ್ಣಕ್ಕಿತ್ತು. ನೆರಳಿನ ಕಡೆಯದು ಪೇಲವ, ತುಂಬ ಬಿಳಿ ಚುಕ್ಕಿ. "ಇದ್ರಲ್ಲಿ ಬತ್ತಿ ಹೊಸೆದ್ರೆ ಗಂಟು ಗಂಟು. ಉರಿದಂಗೇ ಉದುರೋಯ್ತದೆ. ಅಂಗಡಿಯೋನು ಹೋದ್ವಾರ ವಾಪಸ್ ಕೊಟ್ಟ" ಎಂದಳು. ಇಷ್ಟು ವರ್ಷದಲ್ಲಿ ಅವಳ ಬತ್ತಿ ವಾಪಸ್ ಬಂದದ್ದು ಅದೇ ಮೊದಲು.

ಉಳಿದರ್ಧವನ್ನಾದರೂ ಗಡಿಯಿಂದ ಹಿಂದಕ್ಕೆ ಸರಿಸಿ ಕಟ್ಟಿಸಿ ಎಂದು ಪಂಚಾಯ್ತಿಗೆ ಅರ್ಜಿ ಕೊಟ್ಟಿದ್ದಳು. ಪಂಚಾಯ್ತಿಯವರು ಕೃಷಿ ಇಲಾಖೆಯ ಅಭಿಪ್ರಾಯ ಕೇಳಿದ್ದರು. ಇಲಾಖೆಯ ಯಾರೋ ಹಳೆಯ ಕಡತ ಹುಡುಕಿ, ಒಂದು ವಾಕ್ಯ ನಕಲು ಮಾಡಿ ಕಳಿಸಿದ್ದರು. ಮಗಳು ಆ ಜೆರಾಕ್ಸ್ ಪ್ರತಿಯನ್ನು ನನ್ನ ಮುಂದೆ ಇಟ್ಟಳು. ಗಣನೀಯ ನಷ್ಟ ಕಂಡುಬಂದಿಲ್ಲ. ಕೆಳಗೆ ನನ್ನ ಸಹಿ.

"ಇದ್ರಲ್ಲಿ ನಿಮ್ಮೆಸ್ರೈತಂತೆ" ಎಂದಳು ಬತ್ತಿಯಮ್ಮ. "ನಾ ಪರ್ದೆ ಎತ್ತಿದ್ದು ಬರ್ದಿಲ್ವಾ ಅಮ್ಮಣ್ಣಿ?"

"ಇಲ್ಲ."

"ಯಾಕೆ?"

"ನಿನ್ನ ಕೂಲಿ ಹೋಗ್ತಿತ್ತು."

"ಕೂಲಿ ಅಲ್ಲಿಲ್ದಿದ್ರೆ ಇನ್ನೊಂದ್ಕಡೆ ಸಿಗ್ತಿತ್ತಲ್ಲ" ಎಂದಳು. ಸಿಟ್ಟಿರಲಿಲ್ಲ, ಲೆಕ್ಕ ತಪ್ಪಿದವರಿಗೆ ತಿಳಿಹೇಳುವ ದನಿ. "ಈಗ್ಲಾದ್ರೂ ಬರ್ಕೊಡಿ. ಕೂಲಿಯೋಳು ದಿನಾ ಎತ್ತಿದ್ಲು, ಅದ್ಕೇ ಗಿಡ ಉಳೀತು, ಇಲ್ದಿದ್ರೆ ಉಳೀತಿರ್ಲಿಲ್ಲ ಅಂತ. ನಾ ಬೇಕಾದ್ರೆ ಸೈನ್ ಹಾಕ್ತೀನಿ."

ಬರೆದುಕೊಡುತ್ತೇನೆ ಎಂದೆ. ಹಾಗೆ ಹೇಳಿ, ಬಡ್ತಿ ಪಟ್ಟಿಯಲ್ಲಿ ನನ್ನ ಹೆಸರಿದೆ, ಇಂಥ ಹೊತ್ತಿನಲ್ಲಿ ಹಳೆಯ ಪ್ರಯೋಗ ತಪ್ಪು ಎಂದು ನಾನೇ ಬರೆದರೆ ವಿಚಾರಣೆ ಅದೂ ಇದೂ ಆಗುತ್ತದೆ, ಸ್ವಲ್ಪ ನೋಡಿಕೊಂಡು ಬರೆಯಬೇಕು ಎಂದೂ ಸೇರಿಸಿದೆ. ಅವಳು ತಲೆಯಾಡಿಸಿದಳು. ಹೋಗುವ ಮುಂಚೆ ಮೇಜಿನ ಮೇಲಿನ ಮೊಗ್ಗುಗಳನ್ನೆಲ್ಲ ಒಂದೂ ಬಿಡದೆ ಸೆರಗಿಗೆ ಬಳಿದುಕೊಂಡಳು.

ಕಾರ್ತೀಕಕ್ಕೆ ಮೊದಲೇ ಕೊಟ್ಟ ಅರ್ಜಿಗೆ ಪಂಚಾಯ್ತಿಯವರು ಸ್ಥಳ ತನಿಖೆಗೆ ಬಂದದ್ದು ಮೇ ತಿಂಗಳಲ್ಲಿ, ಅದೂ ಮಟಮಟ ಮಧ್ಯಾಹ್ನ. ನಾನೂ ಹೋಗಿದ್ದೆ. ಮೇ ತಿಂಗಳಲ್ಲಿ ನಮ್ಮ ಸೀಮೆಯಲ್ಲಿ ಸೂರ್ಯ ನೆತ್ತಿ ದಾಟಿ ಒಂದಿಷ್ಟು ಉತ್ತರಕ್ಕೇ ಇರುತ್ತಾನೆ. ಗೋಡೌನಿನ ನೆರಳು ಗೋಡೌನಿನ ಬುಡದಲ್ಲೇ ಮುದುರಿಕೊಂಡಿತ್ತು, ಅದೂ ಆಚೆ ಬದಿಗೆ. ಬತ್ತಿಯಮ್ಮನ ಹತ್ತು ಗುಂಟೆ ಉತ್ತು ಖಾಲಿ ಬಿದ್ದಿತ್ತು, ಪೂರ್ತಿ ಬಿಸಿಲು. ಅಷ್ಟರಲ್ಲಿ ಉಳಿದರ್ಧಕ್ಕೂ ಕಂಬ ನಿಲ್ಲಿಸಿಬಿಟ್ಟಿದ್ದರು, ಷೀಟು ಮಾತ್ರ ಬಾಕಿ.

"ನೆರಳೆಲ್ಲಮ್ಮ?" ಎಂದರು ಪಿಡಿಒ, ಕರವಸ್ತ್ರ ತಲೆಗೆ ಹಾಕಿಕೊಂಡು.

"ಈಗಿಲ್ಲ ಸ್ವಾಮಿ. ಕಾರ್ತೀಕಕ್ಕೆ ಸೂರ್ಯ ತೆಂಕ್ಲಾಗಿ ಓಯ್ತಾನೆ, ಆಗ ಬರ್ತದೆ. ಹತ್ತಿ ಕಾಯಿ ಕಟ್ಟೋದೂ ಆಗ್ಲೇ" ಎಂದು ಅವಳು ನೆಲ ತೋರಿಸಿದಳು. ಹೊಲದ ಉದ್ದಕ್ಕೂ ಸುಣ್ಣ ಬಳಿದ ಕಲ್ಲುಗಳಿದ್ದವು. ನವರಾತ್ರಿಗೆ ನೆರಳು ಇಲ್ಲಿಗೆ, ದೀಪಾವಳಿಗೆ ಇಲ್ಲಿಗೆ, ಧನುರ್ಮಾಸಕ್ಕೆ ಇಲ್ಲಿಗೆ ಎಂದು ತಿಂಗಳು ತಿಂಗಳೂ ಅಳೆದು ಇಟ್ಟ ಕಲ್ಲು. ಮೂರು ವರ್ಷ ಮೀಟರು ಹಿಡಿದು ಓಡಾಡಿದ ನಾನು ಅಷ್ಟು ಚೊಕ್ಕವಾಗಿ ನೆರಳನ್ನು ಅಳೆದಿರಲಿಲ್ಲ. ಪಿಡಿಒ ಕಲ್ಲುಗಳನ್ನು ನೋಡಿ, "ಕಲ್ಲನ್ನ ಯಾರು ಎಲ್ಲಿ ಬೇಕಾದ್ರೂ ಇಡಬಹುದಲ್ಲಮ್ಮ" ಎಂದರು. ನನ್ನ ಕಡೆ ತಿರುಗಿ, "ನೀವೇ ನಷ್ಟ ಇಲ್ಲ ಅಂದಿದ್ದೀರ. ಈಗ ಇದೆ ಅನ್ನೋದಾದ್ರೆ ಬರವಣಿಗೇಲಿ ಕೊಡಿ ಮೇಡಂ, ನಾನು ಇವತ್ತೇ ಕೆಲಸ ನಿಲ್ಲಿಸ್ತೀನಿ" ಎಂದರು. ಅವರನ್ನು ದೂರಲಾರೆ. ಅವರು ಕೇಳಿದ್ದು ಒಂದು ಕಾಗದ.

ಆ ಕಾಗದವನ್ನು ನಾನು ಒಂದು ವಾರ ಬರೆದೆ. ಮೊದಲ ಪ್ರತಿಯಲ್ಲಿ ಎಲ್ಲ ಇತ್ತು, ಪರದೆ, ಬತ್ತಿಯಮ್ಮ, ನನಗೆ ತಿಳಿದೂ ಮುಚ್ಚಿಟ್ಟದ್ದು. ಅದನ್ನು ಹರಿದೆ. ಎರಡನೆಯದರಲ್ಲಿ ನನ್ನನ್ನು ತೆಗೆದೆ. ಮೂರನೆಯದರಲ್ಲಿ ಪರದೆಯನ್ನು ತೆಗೆದೆ. ಕೊನೆಗೆ ಕಳಿಸಿದ್ದರಲ್ಲಿ ಉಳಿದದ್ದು ಇಷ್ಟು: "ಸ್ಥಳೀಯ ಪರಿಸ್ಥಿತಿಗೆ ಅನುಗುಣವಾಗಿ ಪ್ರಯೋಗದ ಫಲಿತಾಂಶದಲ್ಲಿ ವ್ಯತ್ಯಾಸ ಇರಬಹುದು." ಒಂದು ನಕಲನ್ನು ಬತ್ತಿಯಮ್ಮನಿಗೆ ನಾನೇ ಕೊಂಡೊಯ್ದು ಕೊಟ್ಟೆ. ಮಗಳು ಓದಿ ಹೇಳಿದಳು. ಬತ್ತಿಯಮ್ಮ ಇನ್ನೊಂದು ಸಲ ಓದಿಸಿದಳು.

"ಇದ್ರಲ್ಲಿ ನಾನೆಲ್ಲಿದ್ದೀನಿ?" ಎಂದು ಕೇಳಿದಳು.

ನಾನು ಏನೋ ಸಮಜಾಯಿಷಿ ಹೇಳಿದೆ. ಅವಳು ಒಳಗೆ ಹೋಗಿ ಮಜ್ಜಿಗೆ ತಂದುಕೊಟ್ಟಳು. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವಳ ಜೊತೆ ಇಷ್ಟು ವರ್ಷ ಜಗಳವಾಡಿದ್ದೇನೆ, ಆ ದಿನ ಒಂದು ಜಗಳಕ್ಕೂ ಅವಳು ಸಿಗಲಿಲ್ಲ. ಮಜ್ಜಿಗೆ ಕುಡಿದು ಎದ್ದು ಬಂದೆ. ಆಮೇಲೆ ಆ ಊರಿನ ಕಡೆ ಹೋಗಲಿಲ್ಲ. ದೀಪಾವಳಿಗೆ ಬತ್ತಿಯ ಪೊಟ್ಟಣ ಬರಲಿಲ್ಲ, ನಾನೂ ಯಾಕೆ ಎಂದು ಕೇಳಲಿಲ್ಲ.

ಹನ್ನೊಂದನೆಯ ದಿನದ ಕಾರ್ಯಕ್ಕೆ ಹೋಗಿದ್ದೆ. ಗೋಡೌನು ಪೂರ್ತಿಯಾಗಿ, ಮುಂದೆ ಲಾರಿಗಳು ನಿಂತಿದ್ದವು. ಉಳಿದರ್ಧಕ್ಕೆ ಷೀಟು ಹಾಕಿದ್ದು ಗೌರಿ ಹಬ್ಬ ಕಳೆದ ಮೇಲೆ ಎಂದು ಅಲ್ಲಿದ್ದವರು ಹೇಳಿದರು. ಹೊಲದಲ್ಲಿ ಹೋದ ಹಂಗಾಮಿನ ಹತ್ತಿ ಕಡ್ಡಿ ಇನ್ನೂ ನಿಂತಿತ್ತು, ನನ್ನ ಎದೆಮಟ್ಟಕ್ಕೆ, ಬಡಕಲಾಗಿ. ಕಾಯಿ ಕಟ್ಟಿದ ಗುರುತು ಅಲ್ಲೊಂದು ಇಲ್ಲೊಂದು. ಸುಣ್ಣದ ಕಲ್ಲುಗಳು ಹಾಗೇ ಇದ್ದವು. ನೆರಳು ಮಾತ್ರ ಬೇಲಿಯ ತನಕ ಹಿಂದಕ್ಕೆ ಹೋಗಿತ್ತು, ತಾನೇನೂ ಮಾಡಿಲ್ಲ ಎನ್ನುವ ಹಾಗೆ.

ಫೋಟೋದ ಮುಂದೆ ದೀಪ ಹಚ್ಚಿದ್ದರು. ಬತ್ತಿ ಚಟಪಟ ಎಂದು ಕರಿ ಉದುರಿಸುತ್ತಿತ್ತು. "ಅಂಗಡಿದು ತರ್ತೀನಿ ಅಂದೆ, ಕೊನೇ ಬೆಳೆದ್ರಲ್ಲಿ ಅಮ್ಮ ಹೊಸೆದಿದ್ದು ಒಂದ್ ಡಬ್ಬ ಇತ್ತು, ಅದನ್ನೇ ಹಾಕ್ದೆ" ಎಂದಳು ಮಗಳು. ಊಟವಾದ ಮೇಲೆ ನನ್ನನ್ನು ಒಳಗೆ ಕರೆದು, ಟ್ರಂಕಿನಿಂದ ಒಂದು ಕಾಗದ ತೆಗೆದು ಕೊಟ್ಟಳು. ಅವಳದೇ ಅಕ್ಷರ, ಅಮ್ಮ ಹೇಳಿದ್ದನ್ನು ಬರೆದದ್ದು. ನನ್ನ ಆ ಕಾಗದ ಓದಿಸಿದ ಮಾರನೆಯ ದಿನವೇ ಪಂಚಾಯ್ತಿಗೆ ಕೊಂಡೊಯ್ದಿದ್ದರಂತೆ. ಅದರಲ್ಲಿ ಹೀಗಿತ್ತು:

"ಫಾರಂನಲ್ಲಿ ಹತ್ತಿಗೆ ಕಟ್ಟಿದ ಪರದೆಯನ್ನು ದಿನಾ ಬೆಳಗ್ಗೆ ಎತ್ತಿದ್ದು ನಾನು. ಅದಕ್ಕೇ ಗಿಡ ಕಾಯಿ ಉದುರಿಸಲಿಲ್ಲ. ಮೇಡಂ ಅವರಿಗೆ ಗೊತ್ತಿರಲಿಲ್ಲ. ತಪ್ಪು ನನ್ನದು."

ಕೆಳಗೆ ಹೆಬ್ಬೆಟ್ಟಲ್ಲ, ಅಕ್ಷರ ಅಕ್ಷರ ಕೂಡಿಸಿ ಹಾಕಿದ ಸಹಿ. ಅದರ ಕೆಳಗೆ ಪಂಚಾಯ್ತಿಯವರು ಹಸಿರು ಶಾಯಿಯಲ್ಲಿ, ಪ್ರಯೋಗ ನಡೆಸಿದ ಅಧಿಕಾರಿ ಇದನ್ನು ದೃಢೀಕರಿಸಿ ಸಹಿ ಮಾಡಿಕೊಟ್ಟರೆ ಪರಿಶೀಲಿಸಲಾಗುವುದು ಎಂದು ಬರೆದು ವಾಪಸ್ ಕೊಟ್ಟಿದ್ದರು. ಸಹಿಯ ಜಾಗ ಖಾಲಿ ಇತ್ತು.

ಮೊಗ್ಗಿನ ಎಣಿಕೆಯಲ್ಲಿ ಒಂದನ್ನೂ ಹೆಚ್ಚು ಕಡಿಮೆ ಮಾಡದವಳು ಆ ಕಾಗದದಲ್ಲಿ ಒಂದು ಸುಳ್ಳು ಹೇಳಿದ್ದಳು, ನನಗೋಸ್ಕರ. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಮತ್ತೆ ನನ್ನನ್ನು ಕೇಳದೆ ಪರದೆ ಎತ್ತಿದ್ದಳು.

"ಇದನ್ನ ನನ್ನ ಹತ್ರ ಯಾಕೆ ತರಲಿಲ್ಲ? ಕೆಲಸ ನಿಲ್ಲಿಸಬಹುದಿತ್ತಲ್ಲ, ಷೀಟು ಹಾಕೋಕೆ ಇನ್ನೂ ಟೈಮಿತ್ತಲ್ಲ" ಎಂದೆ.

"ನಾನೂ ಹಂಗೇ ಅಂದೆ ಮೇಡಂ. ಈಗ ಬ್ಯಾಡ, ಅಮ್ಮಣ್ಣಿಗೆ ಬಡ್ತಿ ಬರೋದೈತೆ, ಅದು ಬಂದ್ಮೇಲೆ ತಗೊಂಡೋಗಾಣ ಅಂದ್ರು. ತಿಂಗ್ಳ ತಿಂಗ್ಳ ಕೇಳೋರು, ಬಂತಂತಾ ಬಂತಂತಾ ಅಂತ. ನಮ್ಗೇನ್ ಗೊತ್ತಾಗುತ್ತೆ?" ಎಂದು ಅವಳು ನನ್ನ ಮುಖ ನೋಡಿದಳು. "ಬಂತಾ ಮೇಡಂ?"

"ಬಂತು" ಎಂದೆ.

"ಯಾವಾಗ?"

"ಹೋದ ಆಷಾಢದಲ್ಲಿ."

ಹೋದ ಆಷಾಢದಲ್ಲಿ ಉಳಿದರ್ಧಕ್ಕೆ ಇನ್ನೂ ಒಂದು ಷೀಟೂ ಹಾಕಿರಲಿಲ್ಲ ಎಂಬುದು ನನಗೂ ಗೊತ್ತಿತ್ತು, ಮಗಳಿಗೂ ಗೊತ್ತಿತ್ತು. ಪೆನ್ನು ಇಸಿದುಕೊಂಡೆ. 'ಗೊತ್ತಿರಲಿಲ್ಲ' ಎಂಬುದನ್ನು ಹೊಡೆದು 'ಗೊತ್ತಿತ್ತು' ಎಂದು ಬರೆದೆ. 'ತಪ್ಪು ನನ್ನದು' ಎಂಬುದರ ಕೆಳಗೆ, ಖಾಲಿ ಬಿಟ್ಟಿದ್ದ ಜಾಗದಲ್ಲಿ, ಹುದ್ದೆ ಸಮೇತ ಸಹಿ ಹಾಕಿದೆ. ಹೊಸ ಹುದ್ದೆ.

ಮಗಳು ಕಾಗದ ತೆಗೆದುಕೊಂಡು, ಶಾಯಿ ಆರಲೆಂದು ಒಂದೆರಡು ಸಲ ಗಾಳಿಗೆ ಆಡಿಸಿದಳು. ಕಿಟಕಿಯಾಚೆ ಗೋಡೌನಿನ ನೀಲಿ ಗೋಡೆ ಕಾಣುತ್ತಿತ್ತು.

"ಇದನ್ನೀಗ ಯಾರಿಗೆ ಕೊಡ್ಲಿ ಮೇಡಂ?" ಎಂದಳು.